ಸರ್ಕಸ್ಸಿನಿಂದ ಬಂದ ನಟ

ಬಾನುಲಿಯಲ್ಲಿ ಸಿನಿಮಾ ತೋರಿಸುವ ಹಾಗಿಲ್ಲ. ಆದ್ದರಿಂದ ದಯವಿಟ್ಟು ಒಂದು ಕೋಣೆಯನ್ನು ಮನಸ್ಸಿಗೆ ತಂದುಕೊಳ್ಳಿ. ರಾತ್ರಿ ಹೊತ್ತು, ದೀಪ ಹಚ್ಚಿಲ್ಲ. ಮಂಚದ ಮೇಲೆ ಬನಿಯನ್ ತೊಟ್ಟ ಕಟ್ಟುಮಸ್ತಾದ ಆಳೊಬ್ಬ ಮಲಗಿದ್ದಾನೆ. ಮುಖ ನೆರಳಿನಲ್ಲಿ ಮುಳುಗಿದೆ. ಹುಡುಗನೊಬ್ಬ ಬೇಲಿಗಳನ್ನು ಹಾರಿ ಓಡಿಬಂದು, ಏದುಸಿರು ಬಿಡುತ್ತ, ಇಬ್ಬರು ನಿನ್ನನ್ನು ಕೊಲ್ಲಲು ಊರಿಗೆ ಬಂದಿದ್ದಾರೆ ಎನ್ನುತ್ತಾನೆ. ಮಲಗಿದವನು ಏಳುವುದಿಲ್ಲ. ಹಿಂದೊಮ್ಮೆ ಏನೋ ತಪ್ಪು ಮಾಡಿದ್ದೆ ಎಂದಷ್ಟೇ ಹೇಳಿ ಹುಡುಗನನ್ನು ಕಳಿಸುತ್ತಾನೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ. ಅವನು ಬಾಗಿಲ ಕಡೆ ನೋಡುತ್ತಾನೆ. ಅಷ್ಟೆ. ಗುಂಡಿನ ಸದ್ದು.

ಇದು 1946ರ ‘ದಿ ಕಿಲ್ಲರ್ಸ್’ ಚಿತ್ರದ ಆರಂಭ. ಹೆಮಿಂಗ್ವೆ ಬರೆದ ಪುಟ್ಟ ಕಥೆಯೊಂದನ್ನು ಹಿಡಿದು ರಾಬರ್ಟ್ ಸಿಯೊಡ್ಮಾಕ್ ನಿರ್ದೇಶಿಸಿದ ಚಿತ್ರ. ಮಂಚದ ಮೇಲೆ ಮಲಗಿದ್ದ ನಟನನ್ನು ಜಗತ್ತು ತೆರೆಯ ಮೇಲೆ ಕಂಡದ್ದು ಅದೇ ಮೊದಲು. ಹೆಸರು ಬರ್ಟ್ ಲ್ಯಾಂಕಾಸ್ಟರ್, ವಯಸ್ಸು 32. ಅದಕ್ಕೆ ಮುಂಚೆ ಅವರು ಮಾಡಿಕೊಂಡಿದ್ದ ಕಸುಬು ಸರ್ಕಸ್ಸಿನ ಕಸರತ್ತು. ಲಾಗ ಹಾಕುವುದೇ ಜೀವನವಾಗಿದ್ದ ಮನುಷ್ಯ ಸಿನಿಮಾಕ್ಕೆ ಬಂದ ಮೊದಲ ದೃಶ್ಯದಲ್ಲಿ ಮೈ ಅಲುಗಿಸದೆ ಮಲಗಿದ್ದರು. ನಾನು ಈ ಚಿತ್ರವನ್ನು ಹಲವು ಸಲ ನೋಡಿದ್ದೇನೆ. ಲ್ಯಾಂಕಾಸ್ಟರ್ ಮುಂದೆ 43 ವರ್ಷ ಮಾಡಿದ ಪಾತ್ರಗಳನ್ನೆಲ್ಲ ಅರ್ಥ ಮಾಡಿಕೊಳ್ಳುವ ಕೀಲಿ ಈ ದೃಶ್ಯದಲ್ಲೇ ಇದೆ ಎಂದು ನನಗೆ ಅನ್ನಿಸುತ್ತ ಬಂದಿದೆ. ಹಾರಬಲ್ಲ ಮೈ ಹಾರದೆ ಇದ್ದಾಗ ನೋಡುವವರ ಎದೆಯಲ್ಲಿ ಒಂದು ಬಿಗಿ ಹುಟ್ಟುತ್ತದೆ. ಆ ಬಿಗಿಯನ್ನು ಎಷ್ಟು ಬಗೆಯಲ್ಲಿ ದುಡಿಸಿಕೊಳ್ಳಬಹುದು ಎಂಬುದನ್ನು ಹುಡುಕುವುದರಲ್ಲೇ ಅವರ ಬದುಕು ಹೋಯಿತು. ಇವತ್ತಿನ ನನ್ನ ಮಾತೆಲ್ಲ ಅದರ ಬಗ್ಗೆಯೇ.

ಅವರು ಹುಟ್ಟಿದ್ದು 1913ರ ನವೆಂಬರ್ 2ರಂದು, ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ. ತಂದೆ ಅಂಚೆ ಇಲಾಖೆಯ ನೌಕರ. ಬೇರೆ ಬೇರೆ ದೇಶಗಳಿಂದ ಬಂದ ಬಡವರು ಒತ್ತೊತ್ತಾಗಿ ಬದುಕುತ್ತಿದ್ದ ಕೇರಿ ಅದು. ಅಲ್ಲಿನ ಮಕ್ಕಳಿಗೆ ಆಟ, ಪಾಠ, ನಾಟಕ ಹೇಳಿಕೊಡಲು ‘ಯೂನಿಯನ್ ಸೆಟಲ್‌ಮೆಂಟ್’ ಎಂಬ ಸೇವಾಕೇಂದ್ರ ಒಂದಿತ್ತು. ಹುಡುಗ ಬರ್ಟ್ ಬೆಳೆದದ್ದು ಅದರ ಆಸರೆಯಲ್ಲಿ. ಅಲ್ಲೇ ನಿಕ್ ಕ್ರವಾಟ್ ಎಂಬ ಗಿಡ್ಡ ಹುಡುಗನ ಸ್ನೇಹವಾಯಿತು. ಇಬ್ಬರೂ ಸೇರಿ ಅಡ್ಡಕಂಬಿಯ ಕಸರತ್ತು ಕಲಿತರು. ಲ್ಯಾಂಕಾಸ್ಟರ್ ಆಟದ ಬಲದಿಂದ ನ್ಯೂಯಾರ್ಕ್ ವಿಶ್ವವಿದ್ಯಾಲಯ ಸೇರಿದರಾದರೂ ಓದು ಮುಗಿಸಲಿಲ್ಲ. 1930ರ ದಶಕದ ಆರಂಭದಲ್ಲಿ, ಅಮೆರಿಕವೆಲ್ಲ ಕೆಲಸವಿಲ್ಲದೆ ಕಂಗೆಟ್ಟಿದ್ದ ಕಾಲದಲ್ಲಿ, ಇಬ್ಬರೂ ‘ಲ್ಯಾಂಗ್ ಅಂಡ್ ಕ್ರವಾಟ್’ ಎಂದು ಜೋಡಿ ಹೆಸರಿಟ್ಟುಕೊಂಡು ಕೇ ಬ್ರದರ್ಸ್ ಎಂಬ ಸಣ್ಣ ಸರ್ಕಸ್ಸಿಗೆ ಸೇರಿದರು. ವಾರಕ್ಕೆ ಮೂರು ಡಾಲರ್ ಸಂಬಳ.

ಆ ದಶಕವಿಡೀ ಊರೂರು ತಿರುಗಿದ ಮೇಲೆ ಕೈಗೆ ಪೆಟ್ಟಾಯಿತು. ಕಂಬಿ ಹಿಡಿಯುವ ಕೈಯೇ ಹೋದರೆ ಕಸರತ್ತುಗಾರನಿಗೆ ಏನು ಉಳಿಯುತ್ತದೆ? ಷಿಕಾಗೋದ ಮಾರ್ಷಲ್ ಫೀಲ್ಡ್ಸ್ ಅಂಗಡಿಯಲ್ಲಿ ಮಾರಾಟದ ಕೆಲಸ ಮಾಡಿದರು. ಹೋಟೆಲಿನಲ್ಲಿ ಹಾಡುತ್ತ ಊಟ ಬಡಿಸಿದ್ದೂ ಉಂಟು. ಆಮೇಲೆ ಯುದ್ಧ ಬಂತು. ಸೈನಿಕರಿಗೆ ಮನರಂಜನೆ ಒದಗಿಸುವ ದಳದಲ್ಲಿ ಇಟಲಿಗೆ ಹೋದರು. ಯುದ್ಧ ಮುಗಿಸಿ ನ್ಯೂಯಾರ್ಕಿಗೆ ಮರಳಿದಾಗ, ಲಿಫ್ಟಿನಲ್ಲಿ ಅವರನ್ನು ನೋಡಿದ ನಾಟಕದ ಕಡೆಯವರೊಬ್ಬರು ನಟನೇ ಇರಬೇಕೆಂದುಕೊಂಡು ಮಾತನಾಡಿಸಿದರಂತೆ, ಪಾತ್ರವೂ ಸಿಕ್ಕಿತು. ಇಟಲಿಯಲ್ಲಿ ಕಾದುವ ಅಮೆರಿಕನ್ ಸೈನಿಕರ ಬಗೆಗಿನ ‘ಎ ಸೌಂಡ್ ಆಫ್ ಹಂಟಿಂಗ್’ ಎಂಬ ಆ ನಾಟಕ ಬ್ರಾಡ್‌ವೇಯಲ್ಲಿ ನಡೆದದ್ದು ಮೂರೇ ವಾರ. ಆದರೆ ಅಷ್ಟರಲ್ಲಿ ಹೆರಾಲ್ಡ್ ಹೆಕ್ಟ್ ಎಂಬ ಏಜೆಂಟ್ ಸಿಕ್ಕಿದ್ದರು, ಹಾಲಿವುಡ್ಡಿನ ಕರೆಯೂ ಬಂದಿತ್ತು.

ನಿರ್ಮಾಪಕ ಹಾಲ್ ವಾಲಿಸ್ ಜೊತೆ ಮಾಡಿಕೊಂಡ ಕರಾರಿನಲ್ಲಿ ವರ್ಷಕ್ಕೊಂದು ಹೊರಗಿನ ಚಿತ್ರ ಮಾಡುವ ಹಕ್ಕನ್ನು ಅವರು ಉಳಿಸಿಕೊಂಡರು. ಹೊಸಬನೊಬ್ಬ ಇಂಥ ಷರತ್ತು ಹಾಕುವುದು ಆಗ ಸಾಮಾನ್ಯ ಸಂಗತಿಯಲ್ಲ. ನಟರು ಸ್ಟುಡಿಯೋಗಳ ಸಂಬಳದಾಳುಗಳಂತೆ ಇದ್ದ ಕಾಲ. ಇನ್ನೆರಡೇ ವರ್ಷಕ್ಕೆ, 1948ರಲ್ಲಿ, ಹೆಕ್ಟ್ ಜೊತೆ ಸೇರಿ ಹೆಂಡತಿ ನಾರ್ಮಾ ಹೆಸರಿನಲ್ಲಿ ಸ್ವಂತ ನಿರ್ಮಾಣ ಸಂಸ್ಥೆಯನ್ನೇ ತೆರೆದರು. ಮುಂದೆ ಜೇಮ್ಸ್ ಹಿಲ್ ಕೂಡಿಕೊಂಡು ಅದು ಹೆಕ್ಟ್-ಹಿಲ್-ಲ್ಯಾಂಕಾಸ್ಟರ್ ಎಂದಾಯಿತು. ನಟರೇ ನಿರ್ಮಾಪಕರಾಗುವುದು ಇವತ್ತು ನಮಗೆ ವಿಶೇಷವಲ್ಲ. ಹಾಲಿವುಡ್ಡಿನಲ್ಲಿ ಆ ದಾರಿ ತುಳಿದ ಮೊದಲ ಕೆಲವರಲ್ಲಿ ಅವರೊಬ್ಬರು.

ಆ ಸ್ವಾತಂತ್ರ್ಯಕ್ಕೆ ಹಣ ಎಲ್ಲಿಂದ ಬಂತು? ಮೈಯಿಂದಲೇ. ‘ದಿ ಫ್ಲೇಮ್ ಅಂಡ್ ದಿ ಆ್ಯರೋ’ ಮತ್ತು ‘ದಿ ಕ್ರಿಮ್ಸನ್ ಪೈರೇಟ್’ ಎಂಬ ಎರಡು ಸಾಹಸ ಚಿತ್ರಗಳು 1950 ಮತ್ತು 1952ರಲ್ಲಿ ಬಂದವು. ಬಾಲ್ಯದ ಗೆಳೆಯ ಕ್ರವಾಟ್ ಎರಡರಲ್ಲೂ ಜೊತೆಗಿದ್ದಾರೆ, ಎರಡರಲ್ಲೂ ಮೂಗನ ಪಾತ್ರ. ಅವರ ನ್ಯೂಯಾರ್ಕ್ ಬೀದಿಯ ಮಾತಿನ ಧಾಟಿ ಹಳೆಯ ಕಾಲದ ಕಥೆಗೆ ಒಗ್ಗುತ್ತಿರಲಿಲ್ಲ. ಇಬ್ಬರೂ ಹಗ್ಗ ಹಿಡಿದು ಜೀಕುತ್ತಾರೆ, ಹಡಗಿನ ಕಂಬದಿಂದ ಕಂಬಕ್ಕೆ ನೆಗೆಯುತ್ತಾರೆ, ಒಬ್ಬರ ಹೆಗಲ ಮೇಲೊಬ್ಬರು ನಿಲ್ಲುತ್ತಾರೆ. ನಮ್ಮಲ್ಲಿ ದೊಂಬರಾಟ ನೋಡುತ್ತ ನಿಂತ ಮಕ್ಕಳ ಮುಖದಲ್ಲಿ ಅರಳುವ ಆ ಬೆರಗು, ಆ ಖುಷಿ, ಈ ಚಿತ್ರಗಳನ್ನು ನೋಡುವಾಗ ದೊಡ್ಡವರಿಗೂ ಬರುತ್ತದೆ. ಅಲ್ಲಿ ಮೋಸವಿಲ್ಲ. ಕಾಣುತ್ತಿರುವ ಮೈಯೇ ಹಾರುತ್ತಿದೆ.

ಅಲ್ಲೇ ನಿಂತಿದ್ದರೆ ಅವರೊಬ್ಬ ಸಾಹಸ ನಟ ಎನ್ನಿಸಿಕೊಂಡು ಹತ್ತು ವರ್ಷದಲ್ಲಿ ಮರೆತುಹೋಗುತ್ತಿದ್ದರು. ಆದರೆ ಕಡಲ್ಗಳ್ಳನಾಗಿ ನೆಗೆದ ಅದೇ 1952ರಲ್ಲಿ ಅವರು ‘ಕಮ್ ಬ್ಯಾಕ್, ಲಿಟಲ್ ಶೀಬಾ’ದಲ್ಲಿ ಕುಡಿತ ಬಿಡಲು ಹೆಣಗುವ ನಡುವಯಸ್ಸಿನ ಸೋತ ಗಂಡನ ಪಾತ್ರವನ್ನು ತಾವಾಗಿ ಕೇಳಿ ಪಡೆದರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ. ಹೆಗಲು ಜೋತುಬಿದ್ದಿದೆ, ಕೋಟು ಮೈಮೇಲೆ ಸಡಿಲ, ಕೈಗೆ ಏನು ಕೆಲಸ ಕೊಡಬೇಕೆಂದು ತಿಳಿಯದ ಹಾಗೆ ನಿಲ್ಲುತ್ತಾರೆ. ಆ ಚಿತ್ರಕ್ಕೆ ಆಸ್ಕರ್ ಪಡೆದವರು ಹೆಂಡತಿಯ ಪಾತ್ರದ ಶರ್ಲಿ ಬೂತ್. ಪಡೆಯಬೇಕಾದದ್ದೇ. ಲ್ಯಾಂಕಾಸ್ಟರ್ ಅಭಿನಯ ಅಲ್ಲಿ ಪೂರ್ತಿ ಹಣ್ಣಾಗಿಲ್ಲ, ಅಲ್ಲಲ್ಲಿ ಯತ್ನ ಎದ್ದು ಕಾಣುತ್ತದೆ. ಆದರೂ ಜನ ಯಾವುದಕ್ಕಾಗಿ ಟಿಕೆಟ್ ಕೊಳ್ಳುತ್ತಿದ್ದರೋ ಆ ಮೈಯನ್ನೇ ಬಚ್ಚಿಟ್ಟು ಕ್ಯಾಮೆರಾದ ಮುಂದೆ ಬಂದ ಆ ಧೈರ್ಯವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಮರುವರ್ಷ ಬಂದದ್ದು ‘ಫ್ರಮ್ ಹಿಯರ್ ಟು ಎಟರ್ನಿಟಿ’. ಪರ್ಲ್ ಹಾರ್ಬರ್ ದಾಳಿಗೆ ಮುಂಚಿನ ಹವಾಯಿಯ ಸೈನಿಕ ಶಿಬಿರದ ಕಥೆ, ಫ್ರೆಡ್ ಜಿನ್ನೆಮಾನ್ ನಿರ್ದೇಶನ, ಎಂಟು ಆಸ್ಕರ್. ಹವಾಯಿಯ ಕಡಲ ದಂಡೆಯಲ್ಲಿ ಲ್ಯಾಂಕಾಸ್ಟರ್ ಮತ್ತು ಡೆಬೊರಾ ಕೆರ್ ಮೇಲೆ ಅಲೆ ಹಾದುಹೋಗುವ ದೃಶ್ಯ ಲೋಕಪ್ರಸಿದ್ಧ. ಅದನ್ನೇ ಎಲ್ಲರೂ ಹೇಳುತ್ತಾರೆ, ನಾನು ಮತ್ತೆ ಹೇಳುವುದಿಲ್ಲ. ನನಗೆ ಹೆಚ್ಚು ಇಷ್ಟವಾಗುವುದು ಅವರ ಸಾರ್ಜೆಂಟ್ ವಾರ್ಡನ್ ಕಚೇರಿಯ ಮೇಜಿನ ಹಿಂದೆ ಕಡತ ನೋಡುತ್ತ ಕೂತಿರುವ ರೀತಿ. ಇಡೀ ದಳವನ್ನು ನಡೆಸುತ್ತಿರುವವನು ಅವನೇ, ಮೇಲಧಿಕಾರಿ ಹೆಸರಿಗಷ್ಟೆ. ಆ ಅಧಿಕಾರ ಅವನ ಕುತ್ತಿಗೆಯ ನಿಲುವಿನಲ್ಲಿದೆ, ಮಾತಿನಲ್ಲಿಲ್ಲ.

ಒಂದು ಚಿತ್ರ ಹಣಕ್ಕೆ, ಒಂದು ಚಿತ್ರ ಮನಸ್ಸಿಗೆ. ಲ್ಯಾಂಕಾಸ್ಟರ್ ಹೀಗೆ ಲೆಕ್ಕ ಇಟ್ಟುಕೊಂಡು ನಡೆದರು. ಎಲ್ಲವೂ ಗೆದ್ದಿತೆಂದಲ್ಲ. 1954ರ ‘ಅಪಾಚೆ’ಯಲ್ಲಿ ನೀಲಿ ಕಣ್ಣಿನ ಬಿಳಿಯ ನಟ ಅಪಾಚೆ ಯೋಧನಾದದ್ದನ್ನು ಇಂದು ನೋಡುವುದು ಕಷ್ಟ. ತಾವೇ ನಿರ್ದೇಶಿಸಿ ನಟಿಸಿದ ‘ದಿ ಕೆಂಟಕಿಯನ್’ ಸಾಧಾರಣ. ಆದರೆ ಅದೇ 1955ರಲ್ಲಿ ಅವರ ಸಂಸ್ಥೆ ‘ಮಾರ್ಟಿ’ ಎಂಬ ಪುಟ್ಟ ಚಿತ್ರವನ್ನು ಹೊರತಂದಿತು. ಖರ್ಚು ಮೂರೂವರೆ ಲಕ್ಷ ಡಾಲರಿನ ಆಸುಪಾಸು. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ ಮಾಂಸದಂಗಡಿ ನೋಡಿಕೊಳ್ಳುವ, ಮೂವತ್ತು ದಾಟಿದರೂ ಮದುವೆಯಾಗದ, ನೋಡಲು ಚೆಂದವಿಲ್ಲದ ಒಬ್ಬನ ಕಥೆ. ಲ್ಯಾಂಕಾಸ್ಟರ್ ಅದರಲ್ಲಿ ನಟಿಸಲಿಲ್ಲ, ನಟಿಸಿದವರು ಅರ್ನೆಸ್ಟ್ ಬೋರ್ಗ್ನೈನ್. ಕಾನ್ ಚಿತ್ರೋತ್ಸವದಲ್ಲಿ ಪಾಮ್ ಡಿ’ಓರ್ ಪ್ರಶಸ್ತಿ, ಮನೆಯಲ್ಲಿ ಉತ್ತಮ ಚಿತ್ರ, ನಿರ್ದೇಶನ, ನಟ, ಚಿತ್ರಕಥೆ ಎಂದು ನಾಲ್ಕು ಆಸ್ಕರ್. ತೆರೆಯ ಮೇಲಿನ ಅತಿ ಸುಂದರ ಮೈಕಟ್ಟುಗಳಲ್ಲಿ ಒಂದನ್ನು ಹೊಂದಿದ್ದ ಮನುಷ್ಯ, ತನ್ನ ಕನ್ನಡಿ ನೋಡಲೂ ಸಂಕೋಚಪಡುವ ಒಬ್ಬ ಸಾಮಾನ್ಯನ ಕಥೆಗೆ ದುಡ್ಡು ಹೂಡಿದರು.

ಮರುವರ್ಷ ‘ಟ್ರಪೀಜ್’. ಪ್ಯಾರಿಸ್ಸಿನ ಹಳೆಯ ಸರ್ಕಸ್ ಕಟ್ಟಡ ಸರ್ಕ್ ದಿವೆರ್‌ನಲ್ಲಿ ಕ್ಯಾರಲ್ ರೀಡ್ ತೆಗೆದ ಚಿತ್ರ. ಲ್ಯಾಂಕಾಸ್ಟರ್ ಮತ್ತೆ ಸರ್ಕಸ್ಸಿಗೆ ಮರಳಿದ್ದು ಹೀಗೆ. ಆದರೆ ಪಾತ್ರ ನೋಡಿ. ಗಾಳಿಯಲ್ಲಿ ಮೂರು ಲಾಗ ಹಾಕಬಲ್ಲವನೆಂದು ಹೆಸರಾಗಿದ್ದು, ಬಿದ್ದು ಕಾಲು ಕುಂಟಾಗಿ, ಈಗ ಕೋಲೂರಿ ನಡೆಯುವವನು. ಹಾರಲಾರ, ಹಾರಿ ಬರುವ ಹುಡುಗನ ಕೈ ಹಿಡಿಯಬಲ್ಲ. ಕೈಗೆ ಪೆಟ್ಟಾಗಿ ಸರ್ಕಸ್ ಬಿಟ್ಟವರಿಗೆ ಈ ಪಾತ್ರದ ನೋವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಬರ್ಲಿನ್ ಉತ್ಸವದಲ್ಲಿ ಉತ್ತಮ ನಟ ಪ್ರಶಸ್ತಿ ಬಂತು.

ಅದರ ಬೆನ್ನಿಗೇ, 1957ರಲ್ಲಿ, ಅವರ ಸಂಸ್ಥೆಯೇ ತೆಗೆದ ‘ಸ್ವೀಟ್ ಸ್ಮೆಲ್ ಆಫ್ ಸಕ್ಸೆಸ್’ ಬಂದು ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು. ಜೆ. ಜೆ. ಹನ್‌ಸೆಕರ್ ಎಂಬ ಪತ್ರಿಕಾ ಅಂಕಣಕಾರನ ಕಥೆ. ವಾಲ್ಟರ್ ವಿಂಚೆಲ್ ಎಂಬ ನಿಜವಾದ ಅಂಕಣಕಾರನ ನೆರಳು ಆ ಪಾತ್ರದ ಮೇಲಿದೆ. ಅವನ ಅಂಕಣದಲ್ಲಿ ಒಂದು ಸಾಲು ಬಂದರೆ ಒಬ್ಬನ ಬಾಳು ಮೇಲೇಳುತ್ತದೆ, ಇನ್ನೊಂದು ಸಾಲು ಬಂದರೆ ಮಣ್ಣುಪಾಲು. ಲ್ಯಾಂಕಾಸ್ಟರ್ ಚಿತ್ರಕ್ಕೆ ಪ್ರವೇಶಿಸುವುದು ಹೋಟೆಲಿನ ಮೇಜಿನ ಮುಂದೆ ಕೂತ ಭಂಗಿಯಲ್ಲಿ. ಏಳುವುದಿಲ್ಲ. ತಲೆಯನ್ನೂ ಪೂರ್ತಿ ತಿರುಗಿಸುವುದಿಲ್ಲ. ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೋವ್ ಬೆಳಕನ್ನು ಮೇಲಿನಿಂದ ಬಿಟ್ಟಿದ್ದಾರೆ. ದಪ್ಪ ಕನ್ನಡಕದ ನೆರಳು ಕೆನ್ನೆಗೆ ಬಿದ್ದು ಮುಖ ತಲೆಬುರುಡೆಯಂತೆ ಕಾಣುತ್ತದೆ. ಮೆಲ್ಲಗೆ, ಒಂದೊಂದು ಅಕ್ಷರವನ್ನೂ ಕತ್ತರಿಸಿ ಇಟ್ಟಂತೆ ಮಾತಾಡುತ್ತ, ಎದುರಿಗಿದ್ದವರ ಮಾನವನ್ನು ಸುಲಿದು ಹಾಕುತ್ತಾನೆ. ಈ ಮನುಷ್ಯ ಎದ್ದು ನಿಂತರೆ ಏನಾದೀತು ಎಂಬ ಭಯದಲ್ಲಿ ನಾವು ಇಡೀ ದೃಶ್ಯ ನೋಡುತ್ತೇವೆ. ಆಗಿನ ಪ್ರೇಕ್ಷಕರಿಗೆ ಇದು ಬೇಕಾಗಿರಲಿಲ್ಲ, ಅವರಿಗೆ ನಗುವ ಕಡಲ್ಗಳ್ಳನೇ ಬೇಕಿತ್ತು. ಇಂದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಯಲ್ಲಿ ಆ ಚಿತ್ರ ಸೇರಿದೆ. ಆದರೆ ಆಗ, ಆ ಸೋಲಿನ ಕೆಲವೇ ವರ್ಷಗಳಲ್ಲಿ ನಿರ್ಮಾಣ ಸಂಸ್ಥೆಯೇ ಮುಚ್ಚಿತು.

1960ರಲ್ಲಿ ‘ಎಲ್ಮರ್ ಗ್ಯಾಂಟ್ರಿ’. ಸಿಂಕ್ಲೇರ್ ಲೂಯಿಸ್ ಕಾದಂಬರಿ, ರಿಚರ್ಡ್ ಬ್ರೂಕ್ಸ್ ನಿರ್ದೇಶನ. ಊರೂರು ತಿರುಗಿ ಸಾಮಾನು ಮಾರುವವನೊಬ್ಬ ಡೇರೆ ಹಾಕಿ ನಡೆಸುವ ಧರ್ಮಸಭೆಗಳಲ್ಲಿ ಬೋಧಕನಾಗುತ್ತಾನೆ. ಡೇರೆ, ಜನಜಂಗುಳಿ, ಹಾಡು, ಕೂಗು. ಸರ್ಕಸ್ಸಿಗೂ ಅದಕ್ಕೂ ಅಂತರ ಎಷ್ಟು? ಲ್ಯಾಂಕಾಸ್ಟರ್ ತಮ್ಮ ಮೈ, ದನಿ, ಹಲ್ಲು, ನಗು ಎಲ್ಲವನ್ನೂ ಹೊರಗೆ ಚೆಲ್ಲಿದ ಪಾತ್ರ ಇದು. ಅವರ ಏಕೈಕ ಆಸ್ಕರ್ ಬಂದದ್ದೂ ಇದಕ್ಕೇ. ಆ ಪಾತ್ರ ತಮಗೆ ತೀರ ಹತ್ತಿರದ್ದು ಎಂದು ಅವರು ಹೇಳಿಕೊಳ್ಳುತ್ತಿದ್ದರು.

ಮರುವರ್ಷವೇ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ನಲ್ಲಿ ನಾಜಿ ಕಾಲದ ಜರ್ಮನ್ ನ್ಯಾಯಾಧೀಶ ಯಾನಿಂಗ್ ಆಗಿ ಅವರು ಕಟಕಟೆಯಲ್ಲಿ ಸುಮ್ಮನೆ ಕೂತರು. ಚಿತ್ರದ ಬಹುಭಾಗ ಬಾಯಿ ಬಿಡುವುದೇ ಇಲ್ಲ. ಕೊನೆಗೆ ಬಿಟ್ಟಾಗ ತನ್ನ ತಪ್ಪನ್ನೇ ಹೇಳುತ್ತಾನೆ. 1962ರ ‘ಬರ್ಡ್‌ಮ್ಯಾನ್ ಆಫ್ ಅಲ್ಕಟ್ರಾಜ್’ನಲ್ಲಿ ಸೆರೆಮನೆಯ ಕೋಣೆಯಲ್ಲಿ ಹಕ್ಕಿ ಸಾಕಿ, ಹಕ್ಕಿಗಳ ರೋಗಗಳ ಬಗ್ಗೆ ಗ್ರಂಥ ಬರೆದ ಕೈದಿ ರಾಬರ್ಟ್ ಸ್ಟ್ರೌಡ್ ಪಾತ್ರ. ಅಷ್ಟು ದೊಡ್ಡ ಕೈಗಳಲ್ಲಿ ಗುಬ್ಬಚ್ಚಿಯೊಂದನ್ನು ಹಿಡಿಯುವ ಬಗೆ ಕಣ್ಣು ತುಂಬಿಸುತ್ತದೆ. ವೆನಿಸ್ ಉತ್ಸವದಲ್ಲಿ ಉತ್ತಮ ನಟನೆಂದು ಪುರಸ್ಕಾರ ಸಿಕ್ಕಿತು. ನಿಜವಾದ ಸ್ಟ್ರೌಡ್ ಕೊಲೆ ಮಾಡಿದ್ದ ಒರಟ, ಚಿತ್ರ ಅವನನ್ನು ತುಂಬ ಮೃದುವಾಗಿಸಿದೆ ಎಂಬ ಆಕ್ಷೇಪ ನನಗೂ ಇದೆ. ಅವನು ಹಕ್ಕಿ ಸಾಕಿದ್ದು ಕೂಡ ಲೆವನ್‌ವರ್ತ್ ಸೆರೆಮನೆಯಲ್ಲಿ, ಅಲ್ಕಟ್ರಾಜ್‌ನಲ್ಲಿ ಅಲ್ಲ. 1963ರಲ್ಲಿ ಬಂಧನದಲ್ಲೇ ತೀರಿಕೊಂಡ ಅವನಿಗೆ ತನ್ನ ಮೇಲಿನ ಚಿತ್ರವನ್ನು ನೋಡಲು ಅವಕಾಶ ಸಿಗಲಿಲ್ಲ.

ಈಗ ‘ದಿ ಲೆಪರ್ಡ್’ ವಿಚಾರಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಕ್ಷಮಿಸಬೇಕು.

ಇಟಲಿಯ ಲುಕಿನೊ ವಿಸ್ಕಾಂತಿ, ತಾವೇ ದೊಡ್ಡ ರಾಜಮನೆತನದಲ್ಲಿ ಹುಟ್ಟಿದವರು, ಲಾಂಪೆದೂಸಾ ಬರೆದ ಕಾದಂಬರಿಯನ್ನು ಚಿತ್ರ ಮಾಡಲು ಹೊರಟರು. 1860ರ ಸಿಸಿಲಿ. ಇಟಲಿಯನ್ನು ಒಂದುಗೂಡಿಸಲು ಹೊರಟ ಗ್ಯಾರಿಬಾಲ್ಡಿಯ ಸೈನ್ಯ ಬಂದಿಳಿದಿದೆ. ಹಳೆಯ ಜಮೀನ್ದಾರಿ ವ್ಯವಸ್ಥೆ ಮುಳುಗುತ್ತಿದೆ, ಹೊಸ ಹಣವಂತರು ತಲೆಯೆತ್ತುತ್ತಿದ್ದಾರೆ. ಇದನ್ನೆಲ್ಲ ಕಣ್ಣಾರೆ ಕಂಡು, ತಡೆಯಲಾರದೆ, ತಡೆಯಬೇಕೆಂದೂ ಅನ್ನಿಸದೆ ನಿಂತವನು ಸಲೀನಾದ ರಾಜ ಡಾನ್ ಫಾಬ್ರಿಜಿಯೊ. ಹಣ ಹಾಕುತ್ತಿದ್ದ ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಗೆ ಹೆಸರಾಂತ ತಾರೆ ಬೇಕಿತ್ತು. ಲ್ಯಾಂಕಾಸ್ಟರ್ ಹೆಸರು ಬಂದಾಗ ವಿಸ್ಕಾಂತಿಗೆ ಸಂತೋಷವಾಗಲಿಲ್ಲ. ಕುದುರೆ ಸವಾರಿಯ ಚಿತ್ರಗಳ ಈ ಅಮೆರಿಕನ್ನನಿಗೆ ಸಿಸಿಲಿಯ ರಾಜತನ ಎಲ್ಲಿಂದ ಬರಬೇಕು?

ಚಿತ್ರೀಕರಣದಲ್ಲಿ ಒಬ್ಬೊಬ್ಬರು ಒಂದೊಂದು ಭಾಷೆ. ಲ್ಯಾಂಕಾಸ್ಟರ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಉಳಿದವರಲ್ಲಿ ಇಟಾಲಿಯನ್, ಫ್ರೆಂಚ್. ಇಟಾಲಿಯನ್ ಪ್ರತಿಯಲ್ಲಿ ಅವರಿಗೆ ಬೇರೊಬ್ಬ ನಟ ದನಿ ಕೊಟ್ಟಿದ್ದಾರೆ. ಬಾನುಲಿಯ ಮುಂದೆ ಕೂತವನಾಗಿ ಈ ಮಾತನ್ನು ಒತ್ತಿ ಹೇಳುತ್ತೇನೆ. ನಟನಿಗೆ ದನಿಯೆಂದರೆ ಅರ್ಧ ಪ್ರಾಣ. ಆ ಅರ್ಧವನ್ನು ಕಳೆದುಕೊಂಡೂ ಅವರು ಆ ರಾಜನಾಗಿ ಉಳಿದದ್ದು ಬರೀ ನಡಿಗೆಯಿಂದ, ಕತ್ತಿನ ಗತ್ತಿನಿಂದ, ಕರವಸ್ತ್ರ ಹಿಡಿದ ಬೆರಳಿನಿಂದ. ರಾಜಮನೆತನದವರು ಹೇಗೆ ಕೂರುತ್ತಾರೆ, ಹೇಗೆ ಏಳುತ್ತಾರೆ ಎಂಬುದನ್ನು ಅವರು ಕಲಿತದ್ದು ನಿರ್ದೇಶಕರನ್ನೇ ನೋಡಿ ನೋಡಿ ಎಂದು ಹೇಳುತ್ತಾರೆ. ಕಸರತ್ತು ಕಲಿತವರಿಗೆ ಇನ್ನೊಬ್ಬರ ಮೈಯನ್ನು ಓದುವುದು ಅಭ್ಯಾಸ. ಜೊತೆಗಾರನ ಹೆಗಲು ಯಾವಾಗ ಬಿಗಿಯುತ್ತದೆಂದು ಗೊತ್ತಾಗದಿದ್ದರೆ ಕೈ ತಪ್ಪುತ್ತದೆ.

ಚಿತ್ರದ ಕೊನೆಯ ಭಾಗ ಪಲೆರ್ಮೊ ನಗರದ ಗಾಂಜಿ ಅರಮನೆಯಲ್ಲಿ ನಡೆಯುವ ನೃತ್ಯಕೂಟ. ಮುಕ್ಕಾಲು ಗಂಟೆಯಷ್ಟು ದೀರ್ಘ. ಸಿಸಿಲಿಯ ಬೇಸಿಗೆಯ ಬೇಗೆ ತಾಳಲಾರದೆ ರಾತ್ರಿಗಳಲ್ಲಿ ಚಿತ್ರೀಕರಿಸಿದರು. ನೂರಾರು ಮೇಣದಬತ್ತಿ ಉರಿಯುತ್ತಿವೆ, ಹೆಂಗಸರ ಬೀಸಣಿಗೆಗಳು ಆಡುತ್ತಿವೆ, ಗಂಡಸರ ಹಣೆಯ ಮೇಲೆ ಬೆವರು. ಇದರ ನಡುವೆ ರಾಜ ಕೋಣೆಯಿಂದ ಕೋಣೆಗೆ ಅಲೆಯುತ್ತಾನೆ. ಸಾಯುತ್ತಿರುವ ಮುದುಕನ ಚಿತ್ರವೊಂದರ ಮುಂದೆ ನಿಂತು ತನ್ನ ಸಾವನ್ನು ಯೋಚಿಸುತ್ತಾನೆ. ಆಗ ಸೋದರಳಿಯನ ಕೈ ಹಿಡಿಯಲಿರುವ ಚೆಲುವೆ ಆಂಜೆಲಿಕಾ ಬಂದು ನರ್ತಿಸಲು ಕರೆಯುತ್ತಾಳೆ. ಆ ಪಾತ್ರ ಕ್ಲೌಡಿಯಾ ಕಾರ್ಡಿನಾಲೆಯವರದು. ವರ್ದಿ ರಚಿಸಿ ಅಚ್ಚಾಗದೆ ಉಳಿದಿದ್ದ ವಾಲ್ಟ್ಸ್ ಒಂದನ್ನು ನೀನೊ ರೋಟಾ ವಾದ್ಯವೃಂದಕ್ಕೆ ಹೊಂದಿಸಿದ್ದಾರೆ. ಇಬ್ಬರೂ ನರ್ತಿಸತೊಡಗಿದಾಗ ಸುತ್ತಲಿನವರು ಸರಿದು ನಿಂತು ನೋಡುತ್ತಾರೆ.

ನಾನು ಇದನ್ನು ಮೊದಲು ನೋಡಿದ್ದು ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ, ಫಾಕ್ಸ್ ಕತ್ತರಿಸಿ ಕುಗ್ಗಿಸಿದ್ದ ಇಂಗ್ಲಿಷ್ ಪ್ರತಿಯಲ್ಲಿ. ಬಣ್ಣ ಮಸುಕಾಗಿತ್ತು. ಆದರೂ ಆ ನೃತ್ಯ ಬಂದಾಗ ಕೂತಿದ್ದವರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆ ಮನುಷ್ಯ ಹಡಗಿನ ಕಂಬದಿಂದ ಹಾರಬಲ್ಲ ಎಂಬುದು ನಮಗೆ ಗೊತ್ತು. ಇಲ್ಲಿ ಅವನ ಪಾದ ನೆಲದಿಂದ ಒಂದಂಗುಲ ಮೇಲೇಳುತ್ತಿಲ್ಲ. ಬೆನ್ನು ನೆಟ್ಟಗಿದೆ, ತೋಳು ಬಾಗಿದ್ದೂ ಕಾಣದಷ್ಟು ಬಾಗಿದೆ, ಮುಖದಲ್ಲಿ ಯೌವನದ ಒಂದು ಕ್ಷಣ ಬಂದು ಹೋಗುತ್ತದೆ. ಆಮೇಲೆ ಕನ್ನಡಿಯ ಮುಂದೆ ನಿಂತಾಗ ಕಣ್ಣೀರು ಇಳಿಯುತ್ತದೆ. ಬೆಳಗಿನ ಜಾವ ಅವನು ಒಬ್ಬನೇ ನಡೆದು ಹೋಗುತ್ತಾನೆ. ಸಾಯುತ್ತಿರುವವರ ಮನೆಗೆ ಪಾದ್ರಿ ಹೋಗುತ್ತಿರುವಾಗ ಬೀದಿಯಲ್ಲೇ ಮೊಣಕಾಲೂರಿ, ಎದ್ದು, ಕತ್ತಲ ಓಣಿಯೊಳಗೆ ಮರೆಯಾಗುತ್ತಾನೆ. 1963ರಲ್ಲಿ ಕಾನ್ ಉತ್ಸವ ಆ ಚಿತ್ರಕ್ಕೆ ಪಾಮ್ ಡಿ’ಓರ್ ಕೊಟ್ಟಿತು. ಅಮೆರಿಕದ ಪತ್ರಿಕೆಗಳಿಗೆ ರುಚಿಸಲಿಲ್ಲ. ಅದನ್ನು ಮೀರಿಸುವ ಅಭಿನಯವನ್ನು ಲ್ಯಾಂಕಾಸ್ಟರ್ ಬೇರೆಲ್ಲೂ ಮಾಡಿಲ್ಲ ಎಂಬ ಮಾತನ್ನು ಇಂದು ನಾನು ಹಿಂಜರಿಯದೆ ಹೇಳುತ್ತೇನೆ.

ಅದೇ ವರ್ಷ ಆಗಸ್ಟ್ 28. ವಾಷಿಂಗ್ಟನ್ನಿನಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ನಡೆದ ಮಹಾ ಮೆರವಣಿಗೆ, ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಪ್ರಸಿದ್ಧ ಭಾಷಣ ಮಾಡಿದ ದಿನ. ಆಗ ಫ್ರಾನ್ಸಿನಲ್ಲಿ ಚಿತ್ರೀಕರಣದಲ್ಲಿದ್ದ ಲ್ಯಾಂಕಾಸ್ಟರ್ ಅದಕ್ಕಾಗಿಯೇ ವಿಮಾನ ಹತ್ತಿ ಬಂದರು. ಯುರೋಪಿನಲ್ಲಿದ್ದ ಸುಮಾರು 1,500 ಅಮೆರಿಕನ್ನರು ಸಹಿ ಹಾಕಿದ ಬೆಂಬಲ ಪತ್ರವನ್ನು ತಂದು ಲಿಂಕನ್ ಸ್ಮಾರಕದ ಎದುರಿಗೆ ಸೇರಿದ ಜನಸಾಗರಕ್ಕೆ ಒಪ್ಪಿಸಿದರು. ಈಸ್ಟ್ ಹಾರ್ಲೆಮ್‌ನ ಸೇವಾಕೇಂದ್ರದಲ್ಲಿ ಎಲ್ಲ ಬಣ್ಣದ, ಎಲ್ಲ ಭಾಷೆಯ ಮಕ್ಕಳ ಜೊತೆ ಬೆಳೆದವರು ಬೇರೆ ರೀತಿ ನಡೆದುಕೊಳ್ಳುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಫ್ರಾನ್ಸಿನ ಆ ಚಿತ್ರವೇ ‘ದಿ ಟ್ರೇನ್’. 1944ರಲ್ಲಿ ಪ್ಯಾರಿಸ್ಸಿನಿಂದ ಚಿತ್ರಕಲೆಯ ಭಂಡಾರವನ್ನೇ ರೈಲಿಗೆ ತುಂಬಿ ಒಯ್ಯಲು ಹೊರಟ ಜರ್ಮನ್ ಅಧಿಕಾರಿಯನ್ನು ತಡೆಯುವ ರೈಲ್ವೆ ನೌಕರರ ಕಥೆ. ಜಾನ್ ಫ್ರಾಂಕನ್‌ಹೈಮರ್ ನಿಜವಾದ ರೈಲುಗಳನ್ನೇ ಒಡೆದು ತೆಗೆದರು. ಐವತ್ತರ ಲ್ಯಾಂಕಾಸ್ಟರ್ ಚಲಿಸುವ ರೈಲಿಗೆ ನೆಗೆಯುತ್ತಾರೆ, ಏಣಿಯ ಮೇಲಿಂದ ಸರ್ರನೆ ಜಾರುತ್ತಾರೆ. ನಡುವೆ ಗಾಲ್ಫ್ ಆಡುವಾಗ ಮೊಣಕಾಲಿಗೆ ಪೆಟ್ಟಾಗಿ ಕುಂಟತೊಡಗಿದರು. ಕಥೆಯಲ್ಲೇ ನಾಯಕನ ಕಾಲಿಗೆ ಗುಂಡು ತಗಲುವಂತೆ ಮಾಡಿ ಕೆಲಸ ಮುಂದುವರಿಸಿದರು. ಆ ಚಿತ್ರದಲ್ಲಿ ನನಗೆ ಅತಿ ಇಷ್ಟವಾದ ಭಾಗದಲ್ಲಿ ಹಾರಾಟವಿಲ್ಲ. ಎಂಜಿನ್ನಿನ ಬೇರಿಂಗ್ ಒಂದನ್ನು ಅವರು ಲೋಹ ಕರಗಿಸಿ ಎರಕ ಹೊಯ್ದು ಮಾಡುತ್ತಾರೆ. ಕ್ಯಾಮೆರಾ ಕಣ್ಣು ಮಿಟುಕಿಸದೆ ಆ ಕೈಗಳನ್ನೇ ನೋಡುತ್ತದೆ. ಕೆಲಸ ಬಲ್ಲ ಕೈಗಳು ಎಂದು ತಕ್ಷಣ ನಂಬಿಕೆ ಬರುತ್ತದೆ.

‘ದಿ ಸ್ವಿಮ್ಮರ್’ 1968ರಲ್ಲಿ ಬಿಡುಗಡೆಯಾಯಿತು. ಚಿತ್ರೀಕರಿಸಿದ್ದು ಎರಡು ವರ್ಷ ಮುಂಚೆ, ಕನೆಕ್ಟಿಕಟ್‌ನ ವೆಸ್ಟ್‌ಪೋರ್ಟಿನಲ್ಲಿ. ಜಾನ್ ಚೀವರ್ ಕಥೆ. ನೆಡ್ ಮೆರಿಲ್ ಎಂಬ ಸಿರಿವಂತ ಒಂದು ಬೇಸಿಗೆಯ ದಿನ ಸ್ನೇಹಿತರ ಮನೆಗಳ ಈಜುಕೊಳಗಳನ್ನೇ ಒಂದೊಂದಾಗಿ ಈಜುತ್ತ ತನ್ನ ಮನೆ ತಲುಪುತ್ತೇನೆಂದು ಹೊರಡುತ್ತಾನೆ. ಮೊದಲ ಮನೆಗಳಲ್ಲಿ ಆದರ, ಆಮೇಲೆ ಅನುಮಾನ, ಆಮೇಲೆ ತಿರಸ್ಕಾರ. ಕೊನೆಗೆ ಮಳೆಯಲ್ಲಿ ನಡುಗುತ್ತ ಮನೆ ಮುಟ್ಟಿದರೆ ಬಾಗಿಲಿಗೆ ಬೀಗ, ಒಳಗೆ ಯಾರೂ ಇಲ್ಲ. ಐವತ್ತೆರಡರ ನಟ ಇಡೀ ಚಿತ್ರದಲ್ಲಿ ತೊಟ್ಟದ್ದು ಒಂದು ಈಜುಚಡ್ಡಿ. ನೀರೆಂದರೆ ಅಳುಕಿದ್ದ ಅವರು ಇದಕ್ಕಾಗಿ ತರಬೇತಿ ಪಡೆದರು. ಹಣ ಹೂಡಿದ್ದ ಸ್ಟುಡಿಯೋ ಕೈಬಿಟ್ಟಾಗ ಕೊನೆಯ ದಿನದ ಚಿತ್ರೀಕರಣಕ್ಕೆ 10,000 ಡಾಲರ್ ಸ್ವಂತ ಜೇಬಿನಿಂದ ಕೊಟ್ಟರು. ಆರಂಭದಲ್ಲಿ ಆ ಮೈ ಹೊಳೆಯುತ್ತದೆ, ಮುಗಿಯುವ ಹೊತ್ತಿಗೆ ಚಳಿಗೆ ಮುದುಡಿ ಬಡವಾಗಿದೆ. ಬೇರೆ ನಟರಿಗೆ ಇದನ್ನು ತೋರಿಸಲು ಮಾತು ಬೇಕಾಗುತ್ತಿತ್ತು. ಜನ ನೋಡಲಿಲ್ಲ.

ಎಪ್ಪತ್ತರ ದಶಕಕ್ಕೆ ಬಂದರೆ ‘ಏರ್‌ಪೋರ್ಟ್’ ಅಪಾರ ಹಣ ತಂದಿತು. ಆ ಚಿತ್ರದ ಬಗ್ಗೆ ಅವರಿಗೆ ಗೌರವವಿರಲಿಲ್ಲ, ನನಗೂ ಇಲ್ಲ. ‘ಉಲ್ಜಾನಾಸ್ ರೇಡ್’ ಬೇರೆ ಮಾತು. ‘ಅಪಾಚೆ’ ತೆಗೆದಿದ್ದ ರಾಬರ್ಟ್ ಆಲ್ಡ್ರಿಚ್ ಅವರೇ ಹದಿನೆಂಟು ವರ್ಷದ ನಂತರ ತೆಗೆದದ್ದು. ಇಲ್ಲಿ ಲ್ಯಾಂಕಾಸ್ಟರ್ ಅಪಾಚೆಗಳನ್ನು ಬಲ್ಲ, ದ್ವೇಷಿಸದ, ಹೊಗಳಲೂ ಹೋಗದ ಮುದಿ ದಾರಿತೋರುಗ. ಹಿಂದಿನ ತಪ್ಪಿಗೆ ಇಬ್ಬರೂ ಸೇರಿ ಕೊಟ್ಟ ಉತ್ತರ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಪಾರ್ಶ್ವವಾಯು ಬಡಿದು ಚೇತರಿಸಿಕೊಳ್ಳುತ್ತಿದ್ದ ವಿಸ್ಕಾಂತಿ 1974ರಲ್ಲಿ ‘ಕಾನ್ವರ್ಸೇಷನ್ ಪೀಸ್’ ಕೈಗೆತ್ತಿಕೊಂಡಾಗ ಜೊತೆಗೆ ನಿಂತದ್ದು ಅದೇ ಅಮೆರಿಕನ್ ನಟ. ಬೆರ್ತೊಲುಚ್ಚಿಯ ‘1900’ರಲ್ಲಿ ಜಮೀನ್ದಾರ ಅಜ್ಜನಾದರು. ಹಿಟ್ಲರನ ಸೈನ್ಯವನ್ನು ಸೋವಿಯತ್ ಜನ ಎದುರಿಸಿದ ಕಥೆಯನ್ನು 20 ಕಂತುಗಳಲ್ಲಿ ಹೇಳಿದ ‘ದಿ ಅನ್‌ನೋನ್ ವಾರ್’ ಸರಣಿಗೆ ದನಿಯಾದರು.

ಅಟ್ಲಾಂಟಿಕ್ ಸಿಟಿ ಎಂಬುದು ನ್ಯೂಜೆರ್ಸಿಯ ಕಡಲ ತಡಿಯ ಊರು. 1976ರಲ್ಲಿ ಅಲ್ಲಿ ಜೂಜಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ ಮೇಲೆ ಹಳೆಯ ಕಟ್ಟಡಗಳನ್ನು ಉರುಳಿಸಿ ಕ್ಯಾಸಿನೊ ಕಟ್ಟತೊಡಗಿದರು. ಫ್ರಾನ್ಸಿನ ಲೂಯಿ ಮಾಲ್ ಆ ಧೂಳಿನ ನಡುವೆಯೇ 1980ರ ‘ಅಟ್ಲಾಂಟಿಕ್ ಸಿಟಿ’ಯನ್ನು ತೆಗೆದರು. ಲ್ಯಾಂಕಾಸ್ಟರ್ ಇಲ್ಲಿ ಲೂ. ಒಂದು ಕಾಲದ ದೊಡ್ಡ ರೌಡಿಗಳ ಜೊತೆಗಿದ್ದೆ ಎಂದು ಹೇಳಿಕೊಳ್ಳುವ, ನಿಜದಲ್ಲಿ ಅವರ ಓಡಾಟದ ಕೆಲಸ ಮಾಡಿಕೊಂಡಿದ್ದ ಮುದುಕ. ಆ ಕಾಲದಲ್ಲಿ ಸಮುದ್ರವೂ ಬೇರೆಯೇ ಇತ್ತು ಎಂದು ನಂಬಿದವನು. ಎದುರು ಮನೆಯ ಕಿಟಕಿಯಲ್ಲಿ ಮೀನಿನ ವಾಸನೆ ಹೋಗಲೆಂದು ನಿಂಬೆಹಣ್ಣಿನಿಂದ ತೋಳು ತೊಳೆಯುವ ಹುಡುಗಿಯನ್ನು ಕತ್ತಲಲ್ಲಿ ನಿಂತು ನೋಡುತ್ತಾನೆ. ಆ ಹುಡುಗಿ ಸೂಸನ್ ಸರಂಡನ್. ಅವಳನ್ನು ಕಾಪಾಡಲು ಒಮ್ಮೆ ನಿಜವಾಗಿಯೂ ಗುಂಡು ಹಾರಿಸಬೇಕಾಗಿ ಬಂದಾಗ ಅವನಿಗೆ ಆಗುವ ಸಂಭ್ರಮ ನೋಡಬೇಕು. ಅದು ಜಂಬವಲ್ಲ. ಸುಳ್ಳು ಹೇಳಿಕೊಂಡು ಬಂದವನಿಗೆ ತನ್ನ ಸುಳ್ಳು ನಿಜವಾಗಿ ಕಂಡ ಬೆರಗು. ಚಿತ್ರ ವೆನಿಸ್‌ನಲ್ಲಿ ಚಿನ್ನದ ಸಿಂಹವನ್ನು ಹಂಚಿಕೊಂಡಿತು. ಲ್ಯಾಂಕಾಸ್ಟರ್ ಹೆಸರು ನಾಲ್ಕನೆಯ ಹಾಗೂ ಕೊನೆಯ ಸಲ ಆಸ್ಕರ್ ಪಟ್ಟಿಗೆ ಬಂತು.

ಅದಾದ ಮೇಲೆ ‘ಲೋಕಲ್ ಹೀರೋ’. ಸ್ಕಾಟ್ಲೆಂಡಿನ ಮೀನುಗಾರರ ಊರೊಂದನ್ನು ಕೊಂಡು ತೈಲ ಕಾರ್ಖಾನೆ ಕಟ್ಟಲು ಹೊರಟ ಹ್ಯೂಸ್ಟನ್ನಿನ ತೈಲದ ದೊರೆ, ಆದರೆ ಅವನ ಕಣ್ಣೆಲ್ಲ ನಕ್ಷತ್ರಗಳ ಮೇಲೆ. ‘ದಿ ಲೆಪರ್ಡ್’ ನೋಡಿದವರಿಗೆ ನೆನಪಾದೀತು, ಸಲೀನಾದ ರಾಜನಿಗೂ ಆಕಾಶ ನೋಡುವ ಗೀಳು. ಇಪ್ಪತ್ತು ವರ್ಷದ ಅಂತರದಲ್ಲಿ ಇಬ್ಬರು ಒಡೆಯರು, ಇಬ್ಬರೂ ಭೂಮಿಯ ವ್ಯವಹಾರದಿಂದ ಮುಖ ಎತ್ತಿ ಮೇಲೆ ನೋಡುತ್ತಾರೆ.

1983ರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ವಿಮೆಯ ತೊಡಕಿನಿಂದ ಪಾತ್ರಗಳು ಕೈತಪ್ಪಿದವು. ದೊಡ್ಡವರಾದ ಮೇಲೂ ತಮ್ಮ ಮೈಗೆ ತಾವೇ ಜಾಮೀನು ನಿಲ್ಲುತ್ತಿದ್ದವರಿಗೆ ಅದು ಎಂಥ ಸಂಕಟವಾಗಿರಬೇಕು. ಟೆಲಿವಿಷನ್ನಿಗೆ ತೆಗೆದ ‘ಸೆಪರೇಟ್ ಬಟ್ ಈಕ್ವಲ್’ನಲ್ಲಿ ಅವರು ಶಾಲೆಗಳಲ್ಲಿ ಕಪ್ಪು-ಬಿಳಿ ಮಕ್ಕಳನ್ನು ಬೇರೆಯಾಗಿಯೇ ಇಡಬೇಕೆಂದು ವಾದಿಸಿದ ವಕೀಲ ಜಾನ್ ಡೇವಿಸ್ ಆದರು. 1963ರ ಮೆರವಣಿಗೆಗೆ ಹಾರಿ ಬಂದವರು ಎದುರು ಪಕ್ಷದ ವಕಾಲತ್ತು ಹಿಡಿದು, ಆ ಮನುಷ್ಯನನ್ನು ಎಲ್ಲೂ ಕೀಳಾಗಿಸದೆ ನಟಿಸಿದರು. ಅದು 1991ರಲ್ಲಿ ಪ್ರಸಾರವಾಗುವ ಹೊತ್ತಿಗೆ ಅವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಸುಮಾರು ನಾಲ್ಕು ವರ್ಷ ಹಾಗೆ ಬದುಕಿದರು. 1994ರ ಜನವರಿಯಲ್ಲಿ ನಿಕ್ ಕ್ರವಾಟ್ ತೀರಿಕೊಂಡರು, ಅಕ್ಟೋಬರ್ 20ರಂದು ಲ್ಯಾಂಕಾಸ್ಟರ್. ವಯಸ್ಸು ಎಂಬತ್ತು.

ಚಿತ್ರಮಂದಿರಕ್ಕೆ ಬಂದ ಅವರ ಕೊನೆಯ ಚಿತ್ರ 1989ರ ‘ಫೀಲ್ಡ್ ಆಫ್ ಡ್ರೀಮ್ಸ್’. ಅದರಲ್ಲಿ ಅವರದು ಆರ್ಚಿ ಗ್ರಹಾಮ್ ಎಂಬ ಹಳ್ಳಿಯ ವೈದ್ಯನ ಪಾತ್ರ. ಗ್ರಹಾಮ್ ನಿಜಕ್ಕೂ ಇದ್ದವರು. 1905ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಪರವಾಗಿ ಒಂದೇ ಒಂದು ಬೇಸ್‌ಬಾಲ್ ಪಂದ್ಯಕ್ಕೆ ಕಣಕ್ಕಿಳಿದು, ಬ್ಯಾಟು ಹಿಡಿಯುವ ಸರದಿ ಬಾರದೆಯೇ ಆಟ ಬಿಟ್ಟು, ಮಿನೆಸೋಟದ ಚಿಜಮ್ ಎಂಬ ಊರಿನಲ್ಲಿ ವೈದ್ಯರಾಗಿ ಬಾಳಿದವರು. ಚಿತ್ರದಲ್ಲಿ ಅವನು ಮಾಯದಿಂದ ಮತ್ತೆ ಹುಡುಗನಾಗಿ, ಮುಸುಕಿನ ಜೋಳದ ಹೊಲದ ನಡುವೆ ಮಾಡಿದ ಮೈದಾನದಲ್ಲಿ ಆಡುತ್ತಿರುತ್ತಾನೆ. ಆಗ ಆಚೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಬಿದ್ದು, ಗಂಟಲಿಗೆ ತಿಂಡಿ ಸಿಕ್ಕಿಕೊಂಡು ಉಸಿರುಗಟ್ಟುತ್ತಾಳೆ. ಮೈದಾನದ ಅಂಚಿನ ಜಲ್ಲಿ ಗೆರೆ ದಾಟಿದರೆ ಮತ್ತೆ ಹುಡುಗನಾಗುವಂತಿಲ್ಲ. ಹುಡುಗ ಒಂದು ಕ್ಷಣ ಗೆರೆಯ ಬಳಿ ನಿಲ್ಲುತ್ತಾನೆ. ಮುಂದಿಟ್ಟ ಪಾದ ಗೆರೆಯಾಚೆ ಊರುವಾಗ ಕಾಲಲ್ಲಿ ಮುದುಕನ ಬೂಟು, ಮೇಲೆ ಕರಿಯ ಕೋಟು, ಕೈಯಲ್ಲಿ ವೈದ್ಯನ ಚೀಲ. ಲ್ಯಾಂಕಾಸ್ಟರ್ ಮಗುವಿನ ಬೆನ್ನು ತಟ್ಟಿ ಉಸಿರು ಬರಿಸುತ್ತಾರೆ. ಆಮೇಲೆ ಆಟಗಾರರ ನಡುವೆ ಹಾದು ಜೋಳದ ಹೊಲದ ಕಡೆ ನಡೆಯುತ್ತಾರೆ. ಅವಸರವಿಲ್ಲ, ಬೆನ್ನು ಇನ್ನೂ ನೆಟ್ಟಗಿದೆ. ಹಿಂದಿನಿಂದ ಆಟಗಾರನೊಬ್ಬ, ಚೆನ್ನಾಗಿ ಆಡಿದೆ ಕಣಯ್ಯಾ ಎಂಬ ಅರ್ಥದ ಮಾತೊಂದನ್ನು ಕೂಗಿ ಹೇಳುತ್ತಾನೆ. ಮುದುಕ ನಿಲ್ಲುತ್ತಾನೆ. ಆ ಮಾತನ್ನು ಮುಖದ ಮೇಲೆ ತುಂಬಿಕೊಳ್ಳುತ್ತಾನೆ. ಮತ್ತೆ ಜೋಳದ ದಂಟುಗಳ ನಡುವೆ ಹೆಜ್ಜೆ ಇಡುತ್ತಾನೆ.